ಬಿಳಿ ಗೂಡಿನ ಮೊದಲ ಬೆಳೆ

ರೇಷ್ಮೆ ಹುಳಕ್ಕೆ ಬೆಳಗಿನ ಸೊಪ್ಪು ಹಾಕುತ್ತಿದ್ದಾಗ ಸಾವಿನ ಸುದ್ದಿ ಬಂತು. ಬಿದಿರಿನ ತಟ್ಟೆಗಳ ಸ್ಟ್ಯಾಂಡಿನಲ್ಲಿ ಮೇಲಿನ ಸಾಲು ಮುಗಿಸಿ ನಡುವಿನ ಸಾಲಿಗೆ ಕೈ ಹಾಕಿದ್ದೆ ಅಷ್ಟೆ. ಅಂಗಳದಲ್ಲಿ ಸೈಕಲ್ ನಿಂತ ಸದ್ದಾಯಿತು. ಗಂಡಸೊಬ್ಬ ತಗ್ಗಿದ ದನಿಯಲ್ಲಿ ಏನೋ ಹೇಳಿದ. ನಮ್ಮತ್ತೆ "ಅಯ್ಯೋ ದೇವುಡಾ" ಅಂದರು. ಹಿಂದೆಯೇ ಅವರ ಕೂಗು.

"ರತ್ನಾ, ಹೊರಗೆ ಬಾ. ಇದ್ದಂಗೇ ಬಾ. ಕೈಲಿರೋ ಸೊಪ್ಪು ಅಲ್ಲೇ ಬಿಡು."

"ಇನ್ನೆರಡು ಸಾಲು ಅದೆ ಅತ್ತೆ, ಹಾಕ್ಬಿಟ್ಟು..."

"ಸೂತಕ ಬಂತು ಕಣೇ! ಬಾ ಅಂದ್ರೆ ಬಾ!"

ಮುಳಬಾಗಿಲು ಕಡೆಯ ಹಳ್ಳಿಯಲ್ಲಿದ್ದ ನಮ್ಮ ಯಜಮಾನರ ದೊಡ್ಡಪ್ಪ ತೀರಿಕೊಂಡಿದ್ದರು. ಬದುಕಿ ಬಾಳಿದ ಜೀವ, ಯಾರಿಗೂ ಭಾರವಾಗದೆ ಹೋಗಿತ್ತು. ಅವರಿಗಾಗಿ ಕಣ್ಣೀರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಕಿವಿ ಮಾತ್ರ ಹಿಂದೆಯೇ ಉಳಿದಿತ್ತು. ಮೇಲಿನ ಸಾಲಿನ ಹುಳಗಳು ಸೊಪ್ಪು ಕಡಿಯುವ ಸದ್ದು ಬಾಗಿಲಿನ ತನಕ ಕೇಳುತ್ತಿತ್ತು. ಕೆಳಗಿನ ಸಾಲುಗಳು ಹಸಿದುಕೊಂಡು ಸುಮ್ಮನಿದ್ದವು.

ದಾಯಾದಿಗಳ ಮನೆಯಲ್ಲಿ ಸಾವಾದರೆ ನಮ್ಮ ಮನೆಗೂ ಸೂತಕ. ಅದು ಕಳೆಯುವ ತನಕ ದೇವರ ದೀಪ ಹಚ್ಚುವಂತಿಲ್ಲ. ನಮ್ಮ ಮನೆತನದಲ್ಲಿ ಅದರ ಜೊತೆಗೆ ಹುಳದ ಮನೆಯ ಹೊಸ್ತಿಲು ದಾಟುವಂತಿಲ್ಲ, ಹಿಪ್ಪುನೇರಳೆ ತೋಟದಲ್ಲಿ ಒಂದು ಎಲೆ ಕೀಳುವಂತಿಲ್ಲ. ದೇವರ ಮನೆಗೆ ಯಾವ ಮಡಿಯೋ ಹುಳದ ಮನೆಗೂ ಅದೇ ಮಡಿ. ಹುಳಗಳೋ, ಕೊನೆಯ ಹಂತಕ್ಕೆ ಬಂದು ನಿಂತಿದ್ದವು. ಹುಟ್ಟಿದಾಗಿನಿಂದ ತಿಂದದ್ದನ್ನೆಲ್ಲ ಒಂದು ಕಡೆ ಇಟ್ಟರೆ, ಅದಕ್ಕಿಂತ ಹೆಚ್ಚು ಈ ಕೊನೆಯ ವಾರದಲ್ಲೇ ತಿನ್ನುತ್ತವೆ. ಒಂದು ಹೊತ್ತು ತಪ್ಪಿದರೆ ಸೊರಗುತ್ತವೆ, ಒಂದು ದಿನ ತಪ್ಪಿದರೆ ತಿಪ್ಪೆಗೆ ಹೋಗುತ್ತವೆ.

ಇದನ್ನು ಈಗ ಬರೆಯಲು ಕಾರಣ ನನ್ನ ಸೊಸೆ ಮತ್ತು ಅವಳ ಓರಗೆಯ ಹೆಣ್ಣುಮಕ್ಕಳು. ಅವರು ಈ ಕೆಲಸಕ್ಕೆ ಹೊಸದಾಗಿ ಇಳಿದಿದ್ದಾರೆ. ನನ್ನ ಮೊಣಕಾಲು ಇನ್ನು ಸಾಕು ಅಂದ ದಿನ ನಾನು ನಿವೃತ್ತಳಾದೆ. ಹಾರ ಹಾಕುವವರು ಯಾರೂ ಇರಲಿಲ್ಲ, ಭಾಷಣವಿರಲಿಲ್ಲ. ಸಂಬಳವೇ ಇಲ್ಲದ ಕೆಲಸಕ್ಕೆ ಬೀಳ್ಕೊಡುಗೆಯ ಮಾತೆಲ್ಲಿ? ಗೃಹಿಣಿ ಅಂತ ಬರೆಸುತ್ತಾರಲ್ಲ, ಅದರೊಳಗೇ ಇದೂ ಸೇರಿಹೋಗುತ್ತದೆ. ಆದರೂ ನಾನು ಹುಳದ ಮನೆಯಲ್ಲಿ ದುಡಿದವಳು, ಅದನ್ನು ತಲೆಯೆತ್ತಿಕೊಂಡೇ ಹೇಳುತ್ತೇನೆ. ಕ್ಯಾಲನೂರಿಗೆ ನಡೆದು ಹೋಗುವಷ್ಟು ದೂರದ ನಮ್ಮೂರಿನಲ್ಲಿ ನನ್ನ ಕೈ ಸೋಕಿ ಗೂಡು ಕಟ್ಟಿದ ಹುಳಗಳ ರೇಷ್ಮೆಯನ್ನು ಯಾವ ಯಾವ ಊರಿನ ಮದುಮಗಳು ಉಟ್ಟಳೋ, ಆ ಸ್ವಾಮಿಗೇ ಗೊತ್ತು.

ಸಂಬಳವಿಲ್ಲದಿದ್ದರೂ ಮೇಲಧಿಕಾರಿ ಇದ್ದರು. ನಮ್ಮತ್ತೆ ವೆಂಕಟಮ್ಮ. ಶ್ರೀನಿವಾಸಪುರದ ಕಡೆಯವರು, ಮನೆಮಾತು ತೆಲುಗು. ನಮ್ಮೊಂದಿಗೆ ಕನ್ನಡ ಆಡುತ್ತಿದ್ದರು. ದನದ ಹತ್ತಿರ, ದೇವರ ಹತ್ತಿರ, ಹುಳದ ಹತ್ತಿರ ಮಾತ್ರ ತೆಲುಗು. ಹುಳಗಳನ್ನು ಅವರು ಹುಳ ಅಂದದ್ದು ನಾನು ಕೇಳಿಲ್ಲ. "ಪಿಲ್ಲಲು" ಅನ್ನುತ್ತಿದ್ದರು, ಮಕ್ಕಳು ಅಂತ. "ಪಿಲ್ಲಲಿಗೆ ಸೊಪ್ಪು ಆಯ್ತೇನೇ?" ಇದು ಅವರು ನನಗೆ ಹೇಳುತ್ತಿದ್ದ ಶುಭೋದಯ. ಆ ಮಕ್ಕಳಿಗೆ ಅವರು ಹಾಕಿದ್ದ ಕಾವಲು ಸಾಮಾನ್ಯದ್ದಲ್ಲ. ಕಾಲು ತೊಳೆಯದೆ ಒಳಗೆ ಹೋಗಬಾರದು. ಅರಿಶಿನದ ಕೈಯಲ್ಲಿ ತಟ್ಟೆ ಮುಟ್ಟಬಾರದು. ಹುಳದ ಮನೆ ಬಾಗಿಲು ತೆರೆದಿರುವಾಗ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಬಾರದು. ನಮ್ಮ ಯಜಮಾನರು ಬೀಡಿ ಸೇದಿ ಬಂದರೆ ಹೆತ್ತ ಮಗ ಅಂತಲೂ ನೋಡದೆ ಜಗಲಿಯಲ್ಲೇ ನಿಲ್ಲಿಸುತ್ತಿದ್ದರು.

ನಾನು ಮಾಲೂರು ತಾಲ್ಲೂಕಿನ ಮಾಸ್ತಿ ಕಡೆಯವಳು. ನಮ್ಮ ತವರಿನಲ್ಲಿ ರಾಗಿ, ತರಕಾರಿ, ಎರಡು ಹಸು, ಇಷ್ಟೇ ಪ್ರಪಂಚ. ರೇಷ್ಮೆ ಹುಳವನ್ನು ನೋಡಿದ್ದೇ ಗಂಡನ ಮನೆಯಲ್ಲಿ. ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಹೋಗಿ ನೋಡುತ್ತೇನೆ, ಹಿಂದಿನ ದಿನ ಗಬಗಬ ತಿನ್ನುತ್ತಿದ್ದ ಹುಳಗಳೆಲ್ಲ ತಲೆ ಎತ್ತಿ ಕಲ್ಲಿನಂತೆ ನಿಂತುಬಿಟ್ಟಿವೆ. ಸೊಪ್ಪು ಹಾಗೇ ಒಣಗುತ್ತಿದೆ. "ಅತ್ತೆ, ಎಲ್ಲಾ ಸತ್ತೋದ್ವು!" ಅಂತ ಅಳುತ್ತಾ ಅಂಗಳಕ್ಕೆ ಓಡಿದೆ.

ಅತ್ತೆ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕರು. "ಸತ್ತಿಲ್ಲ ಕಣೇ ಪೆದ್ದಿ. ಜ್ವರಕ್ಕೆ ಕೂತವೆ. ಹಳೇ ತೊಗಲು ಬಿಡ್ತವೆ, ಹೊಸದು ಬರ್ತದೆ. ಈವಾಗ ಮುಟ್ಬಾರ್ದು, ಉಣ್ಣಿಸ್ಬಾರ್ದು. ಬಾಗ್ಲು ಮುಂದಕ್ಕೆ ಮಾಡ್ಕೊಂಡು ಬಾ."

"ಹಸಿವಾಗಲ್ವಾ ಅತ್ತೆ?"

"ಹಸಿವಾದ್ರೆ ಅವೇ ತಲೆ ಇಳಿಸ್ತವೆ."

ಹೊಸಬರಿಗೆ ನಾನು ಹೇಳುವ ಮೊದಲ ಪಾಠ ಇದೇ. ಹುಳ ಜ್ವರಕ್ಕೆ ಕೂತಾಗ ಕನಿಕರಪಟ್ಟು ಸೊಪ್ಪು ಹಾಕಬೇಡಿ. ಅದರ ಮೇಲೆ ಕಸ ಕೂತು, ಬೆವೆತು, ಹುಳ ಕೆಡುತ್ತದೆ. ಏನೂ ಮಾಡದೆ ಬಾಗಿಲ ಬಳಿ ಕಾಯುವುದೂ ಈ ಕೆಲಸದ ಒಂದು ಭಾಗ. ನಾನು ದೇವರನ್ನು ಅರ್ಥ ಮಾಡಿಕೊಂಡದ್ದೂ ಹಾಗೆಯೇ. ಮದುವೆಯಾಗಿ ಬಹಳ ಕಾಲ ನನ್ನ ಮಡಿಲು ತುಂಬಲಿಲ್ಲ. ಬೇಡದ ದೇವರಿಲ್ಲ. ಸ್ವಾಮಿ ಸುಮ್ಮನಿದ್ದ. ಕೈಬಿಟ್ಟ ಅಂದುಕೊಂಡಿದ್ದೆ. ಆ ಕಾಲವನ್ನು ಈಗ ನೆನೆದರೆ ಅವನೂ ಬಾಗಿಲ ಬಳಿಯೇ ನಿಂತಿದ್ದ ಅನಿಸುತ್ತದೆ.

ಕೊನೆಗೆ ಮಗ ಹುಟ್ಟಿದ. ಅವನಿನ್ನೂ ತೊಟ್ಟಿಲಲ್ಲಿದ್ದಾಗ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ, ಹೊಸ ಹುಳ ಬಂತು.

ಅದುವರೆಗೆ ನಾವು ಸಾಕುತ್ತಿದ್ದದ್ದು ನಮ್ಮ ನಾಡಹುಳ. ಗೂಡು ಹಳದಿ, ಸ್ವಲ್ಪ ಹಸಿರು ಛಾಯೆ, ತೆಳುವು. ಸರ್ಕಾರದಿಂದ ಡಿಮಾನ್‌ಸ್ಟ್ರೇಟರ್ ಅಂತ ಒಬ್ಬರು ಮೋಟರ್‌ಸೈಕಲ್ಲಿನಲ್ಲಿ ಬರತೊಡಗಿದರು. ಬಿಳಿ ಗೂಡು ಕಟ್ಟುವ ಹುಳದ ಮೊಟ್ಟೆ ಕೊಡುತ್ತೇವೆ, ದಪ್ಪ ಗೂಡು, ಉದ್ದ ನೂಲು, ಆದರೆ ನಾಡಹುಳದ ಹಾಗೆ ಗಟ್ಟಿಯಲ್ಲ, ಶುಚಿ ಹೆಚ್ಚು ಬೇಕು ಅಂದರು. ಹುಳದ ಮನೆಯನ್ನು ತೊಳೆದು ಔಷಧಿ ಹೊಡೆಯಬೇಕು. ಶುಕ್ರವಾರ ಶುಕ್ರವಾರ ಅತ್ತೆ ಒಳಗೆ ಹಾಕುತ್ತಿದ್ದ ಸಾಂಬ್ರಾಣಿ ಹೊಗೆ ಕೂಡದು.

ಅತ್ತೆಗೆ ಔಷಧಿಗಿಂತ ಈ ಎರಡನೆಯದೇ ದೊಡ್ಡ ಏಟಾಯಿತು. "ಏನ್ ಸ್ವಾಮಿ, ದೇವರಿಗೆ ಬರದೇ ಇರೋ ಕೆಮ್ಮು ಹುಳಕ್ಕೆ ಬರ್ತದಾ?"

ಅವರು ನಕ್ಕರು. ಒಳ್ಳೆಯ ಮನುಷ್ಯ. "ಬರ್ತದೆ ಅಮ್ಮ. ಅವಕ್ಕೆ ಮೈಯೆಲ್ಲಾ ಮೂಗು. ಪಕ್ಕೆಯಲ್ಲಿ ಸಣ್ಣ ಸಣ್ಣ ತೂತು ಇದಾವಲ್ಲ, ಅದ್ರಲ್ಲೇ ಉಸಿರಾಡ್ತವೆ. ನಿಮ್ಮ ಸಾಂಬ್ರಾಣಿ ಹೊರಗೆ ಹಾಕಿ, ದೇವರು ಅಲ್ಲೂ ಬಂದು ತಗೋತಾನೆ." ಅಷ್ಟು ಹೇಳಿ ಪ್ಯಾಂಟು ಮಡಿಚಿ, ನಮ್ಮ ಜೊತೆ ತಾವೂ ನೆಲ ಉಜ್ಜಲು ಕೂತರು. ಉಜ್ಜುವ ಅಧಿಕಾರಿಯನ್ನು ಅತ್ತೆ ಅದೇ ಮೊದಲು ನೋಡಿದ್ದು. ಸ್ವಲ್ಪ ಮೆತ್ತಗಾದರು.

ಅವರು ಹೋದ ಮೇಲೆ ನಾನು ಹಟ ಹಿಡಿದೆ. ಏಳನೆಯ ಕ್ಲಾಸು ಓದಿದ್ದೆ. ಅವರು ಕೊಟ್ಟ ಹಾಳೆ ಓದಿ ಹೇಳಿದೆ, ಎಳೆಹುಳಕ್ಕೆ ಮೇಣದ ಕಾಗದ ಹೊದಿಸುವುದನ್ನು ಮಾಡಿ ತೋರಿಸಿದೆ. ಹಟಕ್ಕೆ ಕಾರಣವಿತ್ತು. ಆ ಮನೆಯಲ್ಲಿ ಉಪ್ಪು ಎಷ್ಟು ಹಾಕಬೇಕೆಂಬುದಕ್ಕೂ ನನ್ನ ಮಾತು ನಡೆಯುತ್ತಿರಲಿಲ್ಲ. ಹುಳದ ಮನೆಯಲ್ಲಿ ಮಾತ್ರ, ಆ ಮುಚ್ಚಿದ ಬಾಗಿಲಿನ ಒಳಗೆ, ನನ್ನ ಕೈಗೆ ಒಂದು ಬೆಲೆಯಿತ್ತು. ಅದು ಬೆಳೆಯಲಿ ಅಂತ ಆಸೆ.

ಮೂರನೆಯ ದಿನ ಅತ್ತೆ ತೀರ್ಪು ಕೊಟ್ಟರು. "ಒಂದೇ ಒಂದು ಬೆಳೆ. ಚೆನ್ನಾಗಿ ಬಂದ್ರೆ ನಿನ್ನ ದಾರಿ. ಕೆಟ್ರೆ ಹುಳದ ಮನೆಗೆ ಬೀಗ. ಸೊಪ್ಪಿನ ತೋಟ ಕೀಳಿಸಿ ರಾಗಿ ಹಾಕಿಸ್ತೀನಿ. ಆಮೇಲೆ ಅತ್ತೆ ಹಂಗಂದ್ರು ಹಿಂಗಂದ್ರು ಅಂತ ಮೂಗು ಸೊರ ಸೊರ ಅನ್ಬಾರ್ದು."

ಸಾವಿನ ಸುದ್ದಿ ಬಂದಾಗ ತಟ್ಟೆಯಲ್ಲಿದ್ದದ್ದು ಆ ಒಂದೇ ಒಂದು ಬೆಳೆ.

ನಮ್ಮ ಯಜಮಾನರು ದೊಡ್ಡಪ್ಪನ ಕಾರ್ಯಕ್ಕೆಂದು ಮುಳಬಾಗಿಲಿನ ಬಸ್ಸು ಹತ್ತಿದರು. ಅವರು ಬರುವುದು ಎಲ್ಲ ಮುಗಿದ ಮೇಲೆಯೇ. ನಾನು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಹುಳದ ಮನೆಯ ಹೊರಗೋಡೆಗೆ ಒರಗಿ ಕೂತೆ. ನಮ್ಮ ಬೀದಿಯಲ್ಲಿ ಬೇರೆ ಯಾರನ್ನಾದರೂ ಕರೆಯೋಣ ಅಂದರೆ ಎಲ್ಲರೂ ಅದೇ ದಾಯಾದಿಗಳು, ಎಲ್ಲರಿಗೂ ಅದೇ ಸೂತಕ. ಹುಳ ಸೊಪ್ಪು ತಿನ್ನುವ ಸದ್ದನ್ನು ಮಳೆ ಬಂದ ಹಾಗೆ ಅನ್ನುತ್ತಾರೆ. ನನಗೆ ಅದು ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಕೇಳುತ್ತಿತ್ತು. ಆ ಸದ್ದು ಸಣ್ಣಗಾಗುತ್ತಾ ಬಂದು, ನಿಂತೇ ಹೋಯಿತು. ದೀಪ ಹಚ್ಚುವಂತಿಲ್ಲ, ದೇವರ ಹೆಸರು ಹೇಳಲು ಯಾರ ಅಡ್ಡಿ? ಕಣ್ಣುಮುಚ್ಚಿ ಕೇಳಿಕೊಂಡೆ. ಬೆಳೆ ಉಳಿಸು ಅಂತ ಕೇಳಲು ಬಾಯಿ ಬರಲಿಲ್ಲ. ಸೂತಕದ ಮನೆಯಲ್ಲಿ ಅದು ಸ್ವಾರ್ಥ ಅನಿಸಿತು. "ಹಸಿದವೆ ಸ್ವಾಮಿ" ಅಂದೆ, ಅಷ್ಟೇ.

"ಅಕ್ಕಾ, ಸ್ವಲ್ಪ ಹೆಪ್ಪು ಇದ್ರೆ ಕೊಡ್ತೀರಾ?"

ಕಣ್ಣು ಬಿಟ್ಟರೆ ಎದುರಿಗೆ ಬಟ್ಟಲು ಹಿಡಿದು ಜೈತುನ್‌ಬಿ ನಿಂತಿದ್ದಾಳೆ. ಹಿಂದಿನ ಬೀದಿಯ ಚರಕದ ಮನೆಯವಳು. ಗಂಡ ಹೆಂಡತಿ ಇಬ್ಬರೂ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ ಮಾಡುತ್ತಿದ್ದರು. ನನ್ನ ಹತ್ತಿರ ಆಗಾಗ ಹೆಪ್ಪು ಕೇಳಲು, ಮಾತಾಡಲು ಬರುತ್ತಿದ್ದಳು. ಅತ್ತೆ ಅವಳನ್ನು ಜಗಲಿಯಿಂದ ಆಚೆಗೆ ಬಿಟ್ಟುಕೊಂಡವರಲ್ಲ.

ಸೂತಕದ ವಿಷಯ ಹೇಳಿದೆ. "ನಿಮಗೆ ಸೂತಕ ಕಣಕ್ಕ, ನನ್ ಹಾಲಿಗಿಲ್ವಲ್ಲ" ಅಂದಳು. ಆಮೇಲೆ ನನ್ನ ಮುಖ ನೋಡಿ, "ಯಾಕಕ್ಕಾ, ಅಷ್ಟೊಂದು ಹತ್ರದೋರಾ ಅವ್ರು?" ಅಂತ ಕೇಳಿದಳು.

ನಾನು ಗೋಡೆಯ ಕಡೆ ಕೈ ತೋರಿಸಿದೆ. ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಸೂತಕವಿಲ್ಲದ ಎರಡು ಕೈ ನನ್ನ ಮುಂದೆ ಬಟ್ಟಲು ಹಿಡಿದು ನಿಂತಿವೆ!

"ಯಾ ಅಲ್ಲಾ! ನಾನಾ?" ಜೈತುನ್‌ಬಿ ಎರಡು ಹೆಜ್ಜೆ ಹಿಂದೆ ಹೋದಳು. "ಬೇಯ್ಸೋದು ಗೊತ್ತಕ್ಕ ನನಗೆ, ತಿನ್ಸೋದು ಗೊತ್ತಿಲ್ಲ. ಬದುಕಿರೋ ಹುಳ ನೋಡಿದ್ರೆ ಮೈ ಜುಂ ಅಂತದೆ."

"ನಾನು ಕಿಟಕಿಯಿಂದ ಹೇಳ್ಕೊಡ್ತೀನಿ ಕಣೇ."

"ನಿಮ್ಮತ್ತೆ?"

ಅತ್ತೆ ಅಷ್ಟು ಹೊತ್ತಿಗೆ ಜಗಲಿಯ ತುದಿಗೆ ಬಂದು ನಿಂತಿದ್ದರು. ಕೇಳಿಸಿಕೊಂಡಿದ್ದರು. ಜೈತುನ್‌ಬಿಯನ್ನು ತಲೆಯಿಂದ ಕಾಲಿನ ತನಕ ನೋಡಿದರು. ಗೋಡೆಯ ಕಡೆ ನೋಡಿದರು. ಅಲ್ಲಿ ಸದ್ದಿರಲಿಲ್ಲ. ಆ ಸದ್ದಿಲ್ಲದ್ದು ಅವರಿಗೂ ಕೇಳಿಸಿತು ಅಂತ ಕಾಣುತ್ತದೆ.

"ಕಾಲು ತೊಳ್ಕೊಂಡು ಹೋಗಮ್ಮ ಅನ್ನು" ಅಂತ ನನಗೆ ಹೇಳಿದರು. ಅವಳು ಎದುರಿಗೇ ಇದ್ದಳು.

ಹಾಗೆ ಜೈತುನ್‌ಬಿ ನಮ್ಮ ಹುಳದ ಮನೆಗೆ ಹೋದಳು. ಅವಳ ಗಂಡ ತೋಟದಿಂದ ಸೊಪ್ಪು ಕಿತ್ತು ಸೈಕಲ್ಲಿನಲ್ಲಿ ಮೂಟೆ ತಂದು ಹಾಕುತ್ತಿದ್ದ. ಇವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಮೊದಲ ದಿನ ಎಲೆಯನ್ನು ಮಾರುದೂರದಿಂದ ಎಸೆದಳು. ನಾನು ಕಿಟಕಿಯ ಹೊರಗೆ. ನನ್ನ ಬೆನ್ನಿಗೆ, ಅಂಗಳದಲ್ಲಿ ಮಣೆ ಹಾಕಿಕೊಂಡು ಅತ್ತೆ. ಅತ್ತೆಗೆ ಅವಳೊಡನೆ ನೇರ ಮಾತಿಲ್ಲ, ಎಲ್ಲ ನನ್ನ ಮೂಲಕ.

"ಅಂಚಿಗೆ ಜಾಸ್ತಿ ಬೀಳ್ತಾ ಅದೆ ಅನ್ನು. ನಡೂಕೆ ಹಾಕ್ಲಿ."

"ಜೈತುನ್, ನಡೂಕೆ ಹಾಕೇ."

"ಕೇಳಿಸ್ತಕ್ಕ. ಇಡೀ ಊರಿಗೇ ಕೇಳಿಸ್ತು."

"ಹಿಕ್ಕೆ ತೆಗ್ಯೋವಾಗ ಹುಳ ಕೆಳಗೆ ಬೀಳಿಸ್ಬ್ಯಾಡ ಅನ್ನು. ಬಿದ್ದಿದ್ದು ಮತ್ತೆ ತಟ್ಟೆಗೆ ಹಾಕ್ಬ್ಯಾಡ ಅನ್ನು."

ಮರುದಿನ ಮಧ್ಯಾಹ್ನದ ಸೊಪ್ಪಿನ ಹೊತ್ತಿಗೆ ಜೈತುನ್‌ಬಿಗೆ ರೇಗಿತು. ಕಿಟಕಿಗೆ ಮುಖ ತಂದು, ನನ್ನನ್ನು ದಾಟಿ ಅತ್ತೆಗೇ ಕೂಗಿದಳು. "ಅಮ್ಮಾ! ನಮ್ಮತ್ತೆ ಸತ್ತು ನಾಲ್ಕು ವರ್ಷ ಆಯ್ತು, ಬೈಯೋರಿಲ್ದೆ ಆರಾಮಾಗಿದ್ದೆ. ಇವಾಗ ನೀವು ಸಿಕ್ಕಿದ್ರಲ್ಲ!"

ಅತ್ತೆ ಮಣೆಯಿಂದಲೇ, "ಬೈಯೋರಿಲ್ದೆ ಇದ್ದಿದ್ಕೇ ಹಿಂಗ್ ಸೊಪ್ಪು ಹಾಕ್ತಾ ಇದೀಯಾ" ಅಂದರು. ಅಲ್ಲಿಂದ ಮುಂದೆ ನನ್ನ ಮಧ್ಯಸ್ಥಿಕೆ ಬೇಕಾಗಲಿಲ್ಲ. ಬೈಗುಳವೆಲ್ಲ ನೇರವಾಗಿಯೇ ನಡೆಯಿತು. ಮೂರನೆಯ ದಿನ ಜೈತುನ್‌ಬಿ ಬರಿಗೈಯಲ್ಲಿ ಹುಳ ಎತ್ತಿ ತೋರಿಸಿದಳು. "ತಣ್ಣಗವೆ ಅಕ್ಕ, ಮಗು ಕಿವಿ ಇದ್ದಂಗೆ."

ಹುಳ ಚೆನ್ನಾಗಿ ಬಂದವು. ಅತ್ತೆ ದೂರದಿಂದಲೇ ಬಗ್ಗಿ ನೋಡಿ, ನಾಡಹುಳಕ್ಕಿಂತ ಮೈ ಹೆಚ್ಚೇ ಬಂದದೆ ಅಂತ ಒಪ್ಪಿಕೊಂಡರು. ನಾವು ಇನ್ನು ಗೆದ್ದೆವು ಅಂದುಕೊಂಡೆವು. ತಪ್ಪು ಆಗಿದ್ದು ಇಲ್ಲಿಯೇ.

ಹುಳ ಗೂಡು ಕಟ್ಟುವ ಕಾಲಕ್ಕೆ ಬಂದದ್ದನ್ನು ಹಣ್ಣಾಗುವುದು ಅನ್ನುತ್ತೇವೆ. ಸೊಪ್ಪು ಬಿಡುತ್ತದೆ, ಮೈ ಹೊಳೆಯುತ್ತದೆ, ತಲೆ ಎತ್ತಿ ಜಾಗ ಹುಡುಕುತ್ತದೆ. ಆಗ ಅದನ್ನು ಕೈಯಿಂದ ಆರಿಸಿ, ಬಿದಿರಿನ ಪಟ್ಟಿ ಸುತ್ತು ಸುತ್ತಾಗಿ ಕಟ್ಟಿದ ಚಂದ್ರಿಕೆಗೆ ಬಿಡಬೇಕು. ಬಿಡದಿದ್ದರೆ ಕಸದಲ್ಲೇ ಸುತ್ತಿಕೊಂಡು ನೂಲನ್ನು ಹಾಳು ಮಾಡುತ್ತದೆ. ನಮ್ಮ ನಾಡಹುಳ ಸಾವಕಾಶದ್ದು. ಇವತ್ತು ಒಂದಷ್ಟು, ನಾಳೆ ಒಂದಷ್ಟು, ನಾಳಿದ್ದು ಉಳಿದವು. ಒಬ್ಬಳೇ ಅಡುಗೆಯ ನಡುವೆ ಆರಿಸಿ ಬಿಡಬಹುದು. ಹೊಸ ಹುಳ ಒಟ್ಟಿಗೆ ಹಣ್ಣಾಗುತ್ತವೆ, ಆಳು ಸಿದ್ಧ ಮಾಡಿಕೊಳ್ಳಿ ಅಂತ ಡಿಮಾನ್‌ಸ್ಟ್ರೇಟರ್ ಹೇಳಿದ್ದರು. ನಾವು ತಲೆದೂಗಿದ್ದೆವು. ಆದರೆ ತಲೆಮಾರುಗಳಿಂದ ಕಂಡ ಲೆಕ್ಕ ತಲೆಯೊಳಗೆ ಕೂತಿತ್ತಲ್ಲ, ಒಟ್ಟಿಗೆ ಅಂದರೂ ಎರಡು ಮೂರು ದಿನವಾದರೂ ಹಿಡಿಯುತ್ತದೆ ಅಂದುಕೊಂಡಿದ್ದೆವು. ಅಷ್ಟಕ್ಕೆ ಜೈತುನ್‌ಬಿಯೊಬ್ಬಳು ಸಾಕು. ಚಂದ್ರಿಕೆಗಳನ್ನು ಅವಳ ಗಂಡ ಮೊದಲೇ ತಂದು ಒಳಗೆ ಗೋಡೆಗೆ ಒರಗಿಸಿದ್ದ.

ಆ ಬೆಳಗ್ಗೆ ಜೈತುನ್‌ಬಿ ಸೊಪ್ಪಿನ ಬುಟ್ಟಿ ಹಿಡಿದು ಒಳಗೆ ಹೋದವಳು ಹಾಗೆಯೇ ಕಿಟಕಿಗೆ ಬಂದಳು.

"ಅಕ್ಕಾ, ಇವು ರಾತ್ರಿ ಹಾಕಿದ್ ಸೊಪ್ಪೇ ತಿಂದಿಲ್ಲ. ತಲೆ ಎತ್ಕೊಂಡು ಓಡಾಡ್ತಾ ಅವೆ. ಗಾಜಿನ ಬಳೆ ಇದ್ದಂಗೆ ಮೈಯಲ್ಲಿ ಬೆಳಕು ಕಾಣ್ತದೆ."

"ಹಣ್ಣಾದ್ವು ಕಣೇ! ಎಷ್ಟು ತಟ್ಟೇಲಿ?"

ಅವಳು ತಿರುಗಿ ನೋಡಿದಳು. ಒಂದೊಂದು ಸಾಲಿಗೂ ಬಗ್ಗಿದಳು. "ಎಲ್ಲಾ ತಟ್ಟೇಲೂ ಅಕ್ಕ. ಎಲ್ಲಾ."

ಆರಿಸತೊಡಗಿದಳು. ಒಂದು ತಟ್ಟೆ ಮುಗಿಯುವಷ್ಟರಲ್ಲಿ ಪಕ್ಕದ ತಟ್ಟೆಯ ಹುಳ ಅಂಚು ಹತ್ತಿದವು. ಅವನ್ನು ತಡೆಯಲು ಹೋದರೆ ಮೇಲಿನ ಸಾಲಿನಿಂದ ಉದುರತೊಡಗಿದವು. ಒಂದೆರಡು ಆಗಲೇ ಎಲೆಯ ಮಡಿಕೆಯಲ್ಲಿ ನೂಲು ಬಿಡುತ್ತಿದ್ದವು. "ನನ್ ಕೈಲಿ ಆಗಲ್ಲಕ್ಕ" ಅಂದಳು. ಅವಳ ದನಿ ಅಳುವಿಗೆ ಬಂದಿತ್ತು. "ಹಿಡಿದಷ್ಟೂ ಜಾರ್ತಾ ಅವೆ!" ಅವಳ ಗಂಡ ಗೂಡು ತರಲು ಕೋಲಾರಕ್ಕೆ ಹೋಗಿದ್ದ.

ನಾನು ಬಾಗಿಲಿಗೆ ಬಂದೆ. ಹೊಸ್ತಿಲು ಎದುರಿಗಿತ್ತು. ಅಷ್ಟು ವರ್ಷ ದಿನಕ್ಕೆ ಎಷ್ಟೋ ಸಲ ದಾಟಿದ ಹೊಸ್ತಿಲು. ಸೂತಕ ಕಳೆಯಲು ಇನ್ನೂ ದಿನಗಳಿದ್ದವು. ನಾನು ದೇವರಿಗೆ ಹೆದರುವವಳು, ಇಂದಿಗೂ. ಆ ಹೊಸ್ತಿಲಿನಾಚೆ ನನ್ನ ಕೆಲಸ ಕಸವಾಗುತ್ತಿತ್ತು, ಈಚೆ ತೊಟ್ಟಿಲಲ್ಲಿ ಮಗು ಮಲಗಿತ್ತು. ಕಾಲು ಎತ್ತಿದೆ.

"ನಿಲ್ಲು!"

ಅತ್ತೆ ಮಣೆಯಿಂದ ಎದ್ದು ಬಂದಿದ್ದರು. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಆಯಿತು, ಬೀಗ ಬಿತ್ತು ಅಂದುಕೊಂಡೆ.

"ನೀನಲ್ಲ. ಮೊದ್ಲು ನಾನು."

"ಅತ್ತೆ..."

"ನಿನ್ಗೆ ಈಗಿನ್ನೂ ಮಡಿಲು ತುಂಬ್ಯದೆ. ನಾನು ಮುದುಕಿ, ನನ್ಗೇನಾಗ್ಬೇಕು? ದೇವರಿಗೆ ಕೋಪ ಬಂದ್ರೆ ಮೊದ್ಲು ಕಾಲಿಟ್ಟೋರ ಮೇಲೆ ಬರ್ಲಿ. ಅವನಿಗೆ ನಾನ್ ಹೇಳ್ಕೋತೀನಿ." ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಚೆಂಬಿನಿಂದ ಕಾಲಿಗೆ ನೀರು ಹೊಯ್ದುಕೊಂಡರು, ಅದನ್ನು ಮಾತ್ರ ಮರೆಯಲಿಲ್ಲ. ತೆಲುಗಿನಲ್ಲಿ, ಮಕ್ಕಳನ್ನು ಮಾತಾಡಿಸುವ ದನಿಯಲ್ಲಿ, "ವಸ್ತುನ್ನಾ ತಲ್ಲಿ, ವಸ್ತುನ್ನಾ" ಅನ್ನುತ್ತಾ, ಬಂದೆ ಕಣಮ್ಮ ಬಂದೆ ಅನ್ನುತ್ತಾ ಒಳಗೆ ಹೋದರು. ಅವರ ಹಿಂದೆ ನಾನು.

ಆಮೇಲೆ ಮಾತಿಗೆ ಬಿಡುವಿರಲಿಲ್ಲ. ಮೂರು ಜನ, ಆರು ಕೈ. ಅತ್ತೆಯ ಬೆರಳು ಹಣ್ಣಾದ ಹುಳವನ್ನು ನೋಡದೆಯೇ ಗುರುತಿಸುತ್ತಿತ್ತು. ನಾನು ತಟ್ಟೆ ಇಳಿಸಿ ಕೊಡುತ್ತಿದ್ದೆ. ಚಂದ್ರಿಕೆಯ ಹತ್ತಿರ ಜೈತುನ್‌ಬಿಯದೇ ದರ್ಬಾರು. ಗೂಡಿನ ವಿಷಯ ಅವಳಿಗಿಂತ ಚೆನ್ನಾಗಿ ನಮಗೆ ಗೊತ್ತಿರಲಿಲ್ಲ.

"ಅಷ್ಟು ಒತ್ತಾಗಿ ಬಿಡ್ಬ್ಯಾಡಿ ಅಮ್ಮ. ಎರಡು ಸೇರ್ಕೊಂಡು ಒಂದೇ ಗೂಡು ಕಟ್ತವೆ. ಅದು ನಮ್ ಚರಕದಲ್ಲಿ ಬಿಚ್ಚಲ್ಲ, ಎಸೀಬೇಕು."

"ಹಂಗಾ? ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಜಗಲಿ ದಾಟಿಸಿದ್ರೆ ತಾನೇ ಹೇಳೋದು!"

ಅತ್ತೆ ಕೈಯಲ್ಲಿದ್ದ ಹುಳವನ್ನು ಮೆಲ್ಲಗೆ ಬಿಟ್ಟು, "ಬಿಡಿ ಬಿಡಿಯಾಗಿ ಬಿಡೇ ರತ್ನಾ, ಕೇಳಿಸ್ಲಿಲ್ವಾ ಅವಳು ಹೇಳಿದ್ದು" ಅಂತ ನನ್ನನ್ನು ಗದರಿದರು.

ಮಧ್ಯೆ ಮಗು ಎದ್ದು ಅತ್ತಿತು. ಹೋಗಿ ಹಾಲೂಡಿಸಿ ಬಂದೆ. ಹೊತ್ತು ಇಳಿಯುವುದರೊಳಗೆ ತಟ್ಟೆಗಳೆಲ್ಲ ಬರಿದಾಗಿದ್ದವು, ಚಂದ್ರಿಕೆಗಳ ತುಂಬಾ ಹುಳಗಳು ತಲೆಯಾಡಿಸುತ್ತಾ ತಮ್ಮ ಸುತ್ತ ಗೋಡೆ ಎಬ್ಬಿಸುತ್ತಿದ್ದವು. ಕಸದಲ್ಲಿ ಕಳೆದುಕೊಂಡದ್ದು ಒಂದು ಹಿಡಿ ಇರಬಹುದು.

ಕಾರ್ಯ ಮುಗಿಸಿಕೊಂಡು ಬಂದ ನಮ್ಮ ಯಜಮಾನರು ಚಂದ್ರಿಕೆ ತುಂಬಾ ಬಿಳಿ ಗೂಡು ನೋಡಿ ಖುಷಿಪಟ್ಟರು. ಜೈತುನ್‌ಬಿ ಸಾಕಿದ ಕತೆ ಕೇಳಿದ ಮೇಲೆ ಅನುಮಾನ ಬಂತು. "ಒಬ್ಳೇ ಹೆಂಗೆ ಬಿಟ್ಲು ಇಷ್ಟೂ? ಒಳಗೆ ಯಾರ್ ಹೋಗಿದ್ರಮ್ಮ?"

"ನಾನು ಹೋಗಿದ್ದೆ. ಏನಿವಾಗ?" ಅಂದರು ಅತ್ತೆ. ಯಜಮಾನರು ಬೀಡಿ ಹುಡುಕಿಕೊಂಡು ಹೊರಗೆ ಹೋದರು.

ಗೂಡು ಬಿಡಿಸಿದ ದಿನ ಜೈತುನ್‌ಬಿ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ, "ಇದು ಗೂಡಲ್ಲಮ್ಮ, ಕೋಳಿಮೊಟ್ಟೆ" ಅಂದಳು. ಡಿಮಾನ್‌ಸ್ಟ್ರೇಟರ್ ಬೇರೆ ಊರಿನವರನ್ನು ಕರೆತಂದು ತೋರಿಸಿದರು. ಅವತ್ತು ನಾನು ಎಲ್ಲರಿಗೂ ಕಾಫಿ ಕೊಟ್ಟು ಬಾಗಿಲ ಹಿಂದೆ ನಿಂತಿದ್ದೆ. ಬಂದವರೊಬ್ಬರು, ಸಾಕಿದೋರು ಯಾರು ಅಂತ ಕೇಳಿದರು. ಅತ್ತೆ ನನ್ನ ಹೆಸರು ಹೇಳಿದರು, ಆಮೇಲೆ ಜೈತುನ್‌ಬಿಯ ಹೆಸರು. ತಮ್ಮ ಹೆಸರು ಹೇಳಲಿಲ್ಲ.

ಮುಂದೆ ಎಂಬತ್ತರ ದಶಕದಲ್ಲಿ ಬದಲಾವಣೆ ಬೇಕಾದಷ್ಟು ಬಂತು. ಊಜಿ ನೊಣ ಬಂದು ಹುಳದ ಮೈಮೇಲೆ ಮೊಟ್ಟೆಯಿಟ್ಟು ಊರೂರನ್ನೇ ಅಳಿಸಿತು. ಕಿಟಕಿ ಬಾಗಿಲಿಗೆಲ್ಲ ಬಲೆ ಕಟ್ಟಿದೆವು. ಹೊಸ ಹೊಸ ಸೊಪ್ಪಿನ ಗಿಡ ಬಂತು. ಕೆಟ್ಟ ಬೆಳೆಗಳನ್ನೂ ಕಂಡೆ, ಬುಟ್ಟಿಗಟ್ಟಲೆ ಹೊತ್ತು ಗುಂಡಿಗೆ ಹಾಕಿದೆ. ಪ್ರತಿ ಸಲ ಏನೋ ಒಂದು ಸಣ್ಣ ದಯೆ ಬಾಗಿಲಿಗೆ ಬಂದೇ ಬಂತು. ಒಮ್ಮೆ ಒಂದು ಮೂಟೆ ಸೊಪ್ಪಾಗಿ, ಒಮ್ಮೆ ಹೊತ್ತಿಗೆ ಸರಿಯಾಗಿ ಬೀಸಿದ ತಂಗಾಳಿಯಾಗಿ. ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಹೇಳುತ್ತೇನೆ. ದೇವರ ಪ್ರೀತಿಯನ್ನು ಬೆಳೆಯ ತೂಕದಲ್ಲಿ ಹುಡುಕಬೇಡಿ. ಬೆಳೆ ಕೈತಪ್ಪುವ ಹೊತ್ತಿನಲ್ಲಿ ಯಾರು ನಿಮ್ಮ ತೋಳು ಹಿಡಿದು ಪಕ್ಕಕ್ಕೆ ಸರಿಸಿ ತಾವು ಮುಂದೆ ಹೋಗುತ್ತಾರೋ ನೋಡಿ. ಅದನ್ನು ನಾನು ಕಣ್ಣಾರೆ ಕಂಡವಳು.

ಆದರೆ ಅತ್ತೆ ಅವನಿಗೆ ಹೇಳಿಕೊಳ್ಳುತ್ತೇನೆ ಅಂದಿದ್ದರಲ್ಲ, ಅದು ಬಾಕಿಯಿತ್ತು. ಆ ಮೊದಲ ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ ಒಂದು ಮಂಗಳವಾರ, ತಲೆಗೆ ನೀರು ಹಾಕಿಕೊಂಡು ಮೊದಲ ಬಸ್ಸಿಗೇ ಮುಳಬಾಗಿಲಿಗೆ ಹೊರಟರು. ಅಲ್ಲಿಂದ ಕುರುಡುಮಲೆಗೆ, ಗಣಪನ ಹತ್ತಿರ. "ನಾನೂ ಬರ್ತೀನಿ ಅತ್ತೆ" ಅಂದೆ. "ಇದು ನನ್ದೂ ಅವನ್ದೂ ಮಾತು, ನೀನ್ಯಾಕೆ" ಅಂದರು. ಅಷ್ಟೆತ್ತರದ ಗಣಪನ ಮುಂದೆ ಆ ಕುಳ್ಳ ಹೆಂಗಸು ಒಬ್ಬರೇ ನಿಂತು ತಪ್ಪೊಪ್ಪಿಕೊಳ್ಳುವುದನ್ನು ನೆನೆದು ದಿನವಿಡೀ ನನಗೆ ಜೀವದಲ್ಲಿ ಜೀವವಿರಲಿಲ್ಲ.

ಸಂಜೆ ಹಿಂತಿರುಗಿದರು. ಸೀದಾ ಮನೆಗೆ ಬರಲಿಲ್ಲ. ಹಿಂದಿನ ಬೀದಿಗೆ ಹೋಗಿ ಜೈತುನ್‌ಬಿಗೆ ತೆಂಗಿನಕಾಯಿ ಹೋಳು, ಬಾಳೆಹಣ್ಣು ಕೊಟ್ಟು ಬಂದರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕಾಲು ನೀಡಿ ಕೂತರು. ನಾನು ನೀರು ಕೊಟ್ಟು, ತಡೆಯಲಾರದೆ ಕೇಳಿದೆ.

"ತಪ್ಪಾಯ್ತು ಅಂತ ಹೇಳ್ಕೊಂಡ್ರಾ ಅತ್ತೆ?"

ಅವರು ಪೂರ್ತಿ ಚೆಂಬು ಕುಡಿದು ಕೆಳಗಿಟ್ಟರು.

"ಹೇಳೋಣ ಅಂತಾನೇ ಹೋದೆ ಕಣೇ. ದಾರಿ ಉದ್ದಕ್ಕೂ ಹೆಂಗೆ ಹೇಳೋದು ಅಂತ ಜೋಡಿಸ್ಕೊಂಡೇ ಹೋದೆ. ಹೋಗಿ ಎದುರಿಗೆ ನಿಂತ್ರೆ ಬಾಯಿಗೇ ಬರ್ಲಿಲ್ಲ. ಅವನು ಹಂಗೇ ನೋಡ್ತಾ ಇದ್ದ, ನಾನೂ ನೋಡ್ದೆ." ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಬೆಳೆ ಚೆನ್ನಾಗಿ ಬಂತಪ್ಪಾ ಅಂದೆ. ಅಷ್ಟೇ ಹೇಳ್ಬಿಟ್ಟು ಬಂದೆ."

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ನಾನು ಹೋಗಿ ರಾಗಿಹಿಟ್ಟು ಸುರಿದು, ಮುದ್ದೆ ತೊಳಸಲು ಕೋಲು ತೆಗೆದುಕೊಂಡೆ.